ಎಷ್ಟನೇ ನಂಬ್ರ ಹೋಗ್ತಾ ಉಂಟು?

ಕಾಪು ಪೇಟೆಯಲ್ಲಾಗಲಿ, ಕಾರ್ಕಳದ ಬಸ್‌ಸ್ಟ್ಯಾಂಡ್ ಸುತ್ತಮುತ್ತಲಾಗಲಿ, ಕ್ಲಿನಿಕ್ಕಿನ ಶಟರ್ ಏಳುವ ಮೊದಲೇ ಅಲ್ಲಿನ ಫೋನು ಹೊಡೆದುಕೊಳ್ಳತೊಡಗುತ್ತದೆ. ಕೇಳುವುದು ಎರಡೇ ಪ್ರಶ್ನೆ: ‘ಡಾಕ್ಟ್ರು ಇವತ್ತು ಬರ್ತಾರಲ್ಲ?’, ‘ಎಷ್ಟನೇ ನಂಬ್ರ ಸಿಗ್ತದೆ?’ ಎಷ್ಟು ಗಂಟೆಗೆ ಎಂದು ಕೇಳುವವರು ಕಡಿಮೆ. ಕೇಳಿದರೂ ಖಚಿತವಾಗಿ ಹೇಳುವವರಿಲ್ಲ. ಉಡುಪಿ ಕಡೆಯ ಸಣ್ಣ ಕ್ಲಿನಿಕ್ಕುಗಳು ರೋಗಿಗೆ ಕೊಡುವುದು ನಂಬ್ರ. ಆ ನಂಬ್ರಕ್ಕೆ ಗಂಟೆ ಎಷ್ಟಾಗಬಹುದು ಎಂದು ಅಂದಾಜಿಸುವುದು ಕೌಂಟರಿನಲ್ಲಿ ಕೂತವರ ಕಸುಬು.

ಹಿಂದೆ ಇದು ಕಂಪೌಂಡರನ ಕೆಲಸವಾಗಿತ್ತು. ಮಿಕ್ಸ್ಚರ್ ಬಾಟ್ಲಿಗೆ ಡೋಸಿನ ಕಾಗದಪಟ್ಟಿ ಅಂಟಿಸುತ್ತಲೇ ‘ಮುಂದಿನವರು ಬನ್ನಿ’ ಎಂದು ಕೂಗಬೇಕಿತ್ತು. ಮಿಕ್ಸ್ಚರ್ ಮಾಯವಾಗಿ ಔಷಧಿ ಪಕ್ಕದ ಮೆಡಿಕಲ್ ಶಾಪಿಗೆ ಹೋಯಿತು, ಸರದಿ ಮಾತ್ರ ಕೌಂಟರಿನಲ್ಲೇ ಉಳಿಯಿತು. ಈಗ ಅಲ್ಲಿ ಹೆಚ್ಚಾಗಿ ಹೆಂಗಸರು. ಊರವರ ಬಾಯಲ್ಲಿ ಅವರು ‘ಅಕ್ಕ’ ಅಥವಾ ‘ಸಿಸ್ಟರ್’.

ಅಕ್ಕನ ಮುಂದಿರುವುದು ಉದ್ದನೆಯ ಒಂದು ಗೆರೆ ಪುಸ್ತಕ. ನಂಬ್ರಗಳನ್ನು ಮೊದಲೇ ಸಾಲಾಗಿ ಬರೆದಿಟ್ಟಿರುತ್ತಾರೆ. ಪಳಗಿದ ಕೈಯಾದರೆ ನಡುನಡುವೆ ಒಂದೊಂದು ಗೆರೆ ಖಾಲಿ ಬಿಟ್ಟಿರುತ್ತದೆ; ಅದು ಜ್ವರ ಏರಿದ ಮಗುವಿಗೆ, ರಿಕ್ಷಾದಿಂದ ಇಬ್ಬರು ಹಿಡಿದು ಇಳಿಸಿದ ಅಜ್ಜನಿಗೆ. ಹೆಸರಿನ ಪಕ್ಕದಲ್ಲಿ ಊರು ಬರೆಯಲೇಬೇಕು. ವನಜ ಎಂದಷ್ಟೇ ಬರೆದರೆ ಒಂದೇ ದಿನ ಮೂವರು ಎದ್ದು ನಿಲ್ಲುತ್ತಾರೆ. ಉಚ್ಚಿಲದ ವನಜ, ಬೆಳ್ಮಣ್ಣಿನ ವನಜ ಎಂದಿದ್ದರೆ ತಕರಾರಿಲ್ಲ. ಊರು ತಿಳಿದರೆ ಬಸ್ಸೂ ತಿಳಿಯಿತು. ನಿಜವಾದ ಜಾಣ್ಮೆ ಕಾಣುವುದು ನಡುಬೆಳಗ್ಗಿನ ಫೋನಿನಲ್ಲಿ.

‘ಈಗ ಎಷ್ಟನೇ ನಂಬ್ರ ಹೋಗ್ತಾ ಉಂಟು?’

‘ಹದಿನಾಲ್ಕು. ನಿಮ್ಮದೆಷ್ಟಮ್ಮ?’

‘ಮೂವತ್ತೊಂದು.’

‘ಹಾಗಾದ್ರೆ ಹತ್ತೂವರೆ ಬಸ್ಸಿಗೆ ಹೊರಟ್ರೆ ಸಾಕು. ಈಗಲೇ ಬಂದು ಇಲ್ಲಿ ಕೂತು ಎಂತ ಮಾಡ್ಲಿಕ್ಕುಂಟು?’

ಈ ಒಂದು ಉತ್ತರದ ಹಿಂದೆ ಎಷ್ಟು ಲೆಕ್ಕ! ಡಾಕ್ಟರು ಒಬ್ಬೊಬ್ಬರಿಗೆ ಎಷ್ಟು ಹೊತ್ತು ಹಿಡಿಯುತ್ತಾರೆ, ನಡುವಿನ ಹದಿನಾರು ಮಂದಿಯಲ್ಲಿ ಮಾತು ಎಳೆಯುವವರು ಯಾರು, ನಂಬ್ರ ತೆಗೆದುಕೊಂಡೂ ಬಾರದವರು ಎಷ್ಟು, ಎಲ್ಲವೂ ಅದರೊಳಗಿದೆ. ಸಕ್ಕರೆ ಕಾಯಿಲೆಯವರ ಲೆಕ್ಕವೇ ಬೇರೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ಹೋಟೆಲಿನಲ್ಲಿ ತಿಂಡಿ ತಿಂದು, ಎರಡು ಗಂಟೆ ಕಳೆದು ಮತ್ತೆ ರಕ್ತ ಕೊಟ್ಟು, ಎರಡೂ ರಿಪೋರ್ಟು ಕೈಗೆ ಬಂದ ಮೇಲೆಯೇ ಅವರು ಒಳಗೆ ಹೋಗಬೇಕು. ಅಂಥವರಿಗೆ ಮೂರನೇ ನಂಬ್ರ ಕೊಟ್ಟರೆ ಏನು ಬಂತು? (ತಿಂಡಿಗೆ ಬನ್ಸ್ ತಿಂದದ್ದನ್ನು ಡಾಕ್ಟರಿಗೆ ಹೇಳುವವರು ಅಪರೂಪ.)

1952ರಲ್ಲಿ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ನಾರ್ಮನ್ ಬೇಯ್ಲಿ ಆಸ್ಪತ್ರೆಗಳ ಹೊರರೋಗಿ ವಿಭಾಗದ ಸರದಿಯ ಬಗ್ಗೆಯೇ ಒಂದು ಪ್ರಬಂಧ ಬರೆದರು. ಆರಂಭದಲ್ಲಿ ಇಬ್ಬರನ್ನು ಒಟ್ಟಿಗೆ ಬರಹೇಳಿ. ಆಮೇಲೆ ಒಂದು ತಪಾಸಣೆಗೆ ಸರಾಸರಿ ಎಷ್ಟು ಹೊತ್ತು ಬೇಕೋ ಅಷ್ಟಷ್ಟು ಅಂತರದಲ್ಲಿ ಒಬ್ಬೊಬ್ಬರನ್ನು ಕರೆಯಿರಿ ಎಂಬುದು ಅವರ ಸಲಹೆ. ಡಾಕ್ಟರೂ ಸುಮ್ಮನೆ ಕೂರಬೇಕಿಲ್ಲ, ರೋಗಿಯೂ ಹೆಚ್ಚು ಕಾಯಬೇಕಿಲ್ಲ. ಆದರೆ ಆ ಸರಾಸರಿಯೇ ಊರಿಂದೂರಿಗೆ ಬೇರೆ. 67 ದೇಶಗಳ ಮಾಹಿತಿ ಕಲೆಹಾಕಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್ನಿನಲ್ಲಿ ಇಪ್ಪತ್ತೆರಡೂವರೆ ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಸ್ವೀಡನ್ನಿನಂಥ ಕಡೆಗೆ ಹೊಂದುವ ಗಡಿಯಾರದ ಅಪಾಯಿಂಟ್‌ಮೆಂಟನ್ನು ನಮ್ಮ ತುಂಬಿದ ಬೆಂಚಿಗೆ ತಂದು ಕೂರಿಸಿದರೆ ನಿಲ್ಲುವುದು ಕಷ್ಟ.

ದೊಡ್ಡ ಆಸ್ಪತ್ರೆಗಳ ದಾರಿ ಬೇರೆ. ಉಡುಪಿಗೆ ದೊಡ್ಡಾಸ್ಪತ್ರೆಯ ಅಭ್ಯಾಸ ಹಳತು. ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ ಆರಂಭಿಸಿದ ಮಿಷನ್ ಆಸ್ಪತ್ರೆಗೆ 2023ರಲ್ಲಿ ನೂರು ತುಂಬಿತು. ಡಾ. ಟಿ.ಎಂ.ಎ. ಪೈ 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದರು, 1961ರಲ್ಲಿ ಅದರ ಆಸ್ಪತ್ರೆ ಶುರುವಾಯಿತು. ಇಂದು 2,000ಕ್ಕೂ ಹೆಚ್ಚು ಹಾಸಿಗೆಗಳ ಆ ಆಸ್ಪತ್ರೆಯಲ್ಲಿ ಮೊದಲ ಸಲ ಹೋದಾಗ ಸಿಗುವ ನೋಂದಣಿ ಸಂಖ್ಯೆ ಮುಂದೆಯೂ ನಿಮ್ಮದೇ. ಜತೆಗೆ ತಿಳಿದಿರಬೇಕಾದದ್ದು ‘ಯೂನಿಟ್’ ವ್ಯವಸ್ಥೆ. ಕಲಿಸುವ ಆಸ್ಪತ್ರೆಗಳಲ್ಲಿ ಒಂದೊಂದು ವಿಭಾಗವೂ ಯೂನಿಟ್‌ಗಳಾಗಿ ಒಡೆದಿದ್ದು, ಒಂದೊಂದು ಯೂನಿಟ್ಟಿಗೆ ವಾರದ ಇಂತಿಂಥ ದಿನ ಎಂದಿರುತ್ತದೆ. ಮಂಗಳವಾರ ನೋಡಿದ ಡಾಕ್ಟರನ್ನೇ ಮತ್ತೆ ಕಾಣಬೇಕಿದ್ದರೆ ಅವರ ದಿನ ಕೇಳಿಕೊಂಡೇ ಹೆಬ್ರಿಯಿಂದಲೋ ಬೈಲೂರಿನಿಂದಲೋ ಬಸ್ಸು ಹತ್ತಬೇಕು. ಇದು ಗೊತ್ತಿಲ್ಲದೆ ಬಂದು ಹೊಸಬರ ಮುಂದೆ ಕಥೆಯನ್ನೆಲ್ಲ ಮೊದಲಿನಿಂದ ಹೇಳಿದವರು ಬೇಕಷ್ಟು.

ಸರಕಾರಿ ಕಡೆಯಲ್ಲಿ ಕೇಂದ್ರದ ಆನ್‌ಲೈನ್ ನೋಂದಣಿ 2015ರಲ್ಲಿ ಬಂತು. 2022ರ ಅಕ್ಟೋಬರಿನಿಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಆಭಾ ಎಂಬ ಆರೋಗ್ಯ ಖಾತೆಯ ವಿವರ ಕಳಿಸಿದರೆ ಮೊಬೈಲಿಗೇ ಟೋಕನ್ ಬರುವ ವ್ಯವಸ್ಥೆ ದೇಶದಲ್ಲಿ ಶುರುವಾಯಿತು. ಚೀಟಿ ಮಾಡಿಸುವ ಸಾಲು ಇದರಿಂದ ಕರಗುತ್ತದೆ, ಡಾಕ್ಟರ ಬಾಗಿಲ ಮುಂದಿನ ಸಾಲು ಕರಗುವುದಿಲ್ಲ.

ಖಾಸಗಿ ಆ್ಯಪ್‌ಗಳದು ಇನ್ನೊಂದು ಪೀಕಲಾಟ. ಮುಂಬೈಯಲ್ಲಿ ಕೂತ ಮಗ ತಾಯಿಗೆ 10.20ರ ಸ್ಲಾಟ್ ಬುಕ್ ಮಾಡುತ್ತಾನೆ. ತಾಯಿ ರಿಕ್ಷಾದಲ್ಲಿ ಸರಿಯಾದ ಹೊತ್ತಿಗೇ ಬರುತ್ತಾರೆ. ಬೆಂಚಿನಲ್ಲಿ ಏಳೂವರೆಗೇ ಬಂದು ನಂಬ್ರ ಪಡೆದವರಿದ್ದಾರೆ. ‘ನಮ್ಮದು ಬುಕ್ಕಿಂಗ್ ಉಂಟು’ ಎಂದರೆ ‘ನಾವೆಂತ ಪುಕ್ಕಟೆ ಬಂದದ್ದಾ?’ ಎಂಬ ಉತ್ತರ ಸಿದ್ಧ. ಪುಸ್ತಕ ಒಂದು, ಆ್ಯಪ್ ಒಂದು ಎಂದು ಎರಡು ಸರದಿ ಇಟ್ಟುಕೊಂಡ ಕ್ಲಿನಿಕ್ಕಿನಲ್ಲಿ ಜಗಳ ತಪ್ಪದು. ನನ್ನ ಮತ ಕೇಳಿದರೆ, ಆ್ಯಪಿನಲ್ಲಿ ಬಂದವರಿಗೂ ಅದೇ ಪುಸ್ತಕದ ನಂಬ್ರವನ್ನೇ ಕೊಡಿ. ಈಗ ಎಷ್ಟನೆಯದು ನಡೆಯುತ್ತಿದೆ ಎಂಬುದನ್ನು ಮೊಬೈಲಿನಲ್ಲಿ ತೋರಿಸಿ. ಊರಿಗೆ ಬೇಕಿರುವುದು ಅಷ್ಟೇ. ಅಕ್ಕನ ಅರ್ಧ ಫೋನು ನಿಲ್ಲುತ್ತದೆ.

ಆ್ಯಪಿಗೆ ಬಿಟ್ಟುಕೊಡಲಾಗದ್ದು ಸರದಿ ಮುರಿಯುವ ಕೆಲಸ. ಬೆವರುತ್ತ ಎದೆ ಒತ್ತಿಕೊಂಡು ಬಂದವರನ್ನು ಮೊದಲು ಒಳಗೆ ಕಳಿಸಬೇಕೆಂದು ಅಕ್ಕನಿಗೆ ಗೊತ್ತು. ಆದರೆ ‘ಎಂಥದ್ದಿಲ್ಲ, ಬರೀ ಗ್ಯಾಸು’ ಎಂದು ಮೂಲೆಯಲ್ಲಿ ಸುಮ್ಮನೆ ಕೂತವರನ್ನು ಗುರುತಿಸುವುದು ಸುಲಭವಲ್ಲ. ಇಷ್ಟು ದೊಡ್ಡ ತೀರ್ಮಾನವನ್ನು ತರಬೇತಿಯಿಲ್ಲದ ಒಬ್ಬರ ತಲೆಗೆ ಕಟ್ಟಿರುವುದು ಈ ಪದ್ಧತಿಯ ದೊಡ್ಡ ದೋಷ. ಯಾವ ಲಕ್ಷಣ ಕಂಡರೆ ಕಾಯಿಸಬಾರದು ಎಂಬ ಪಟ್ಟಿಯನ್ನು ಡಾಕ್ಟರೇ ಬರೆದು ಕೌಂಟರಿನ ಒಳಗೋಡೆಗೆ ಅಂಟಿಸಲು ಹತ್ತು ನಿಮಿಷ ಸಾಕು.

ಇನ್ನು ಮಳೆಗಾಲ. ಜೂನ್ ಕಳೆಯಿತೆಂದರೆ ಡೆಂಗಿ, ಇಲಿ ಜ್ವರದ ಭಯದಲ್ಲಿ ಸಾದಾ ಜ್ವರದವರೂ ಓಡಿಬರುತ್ತಾರೆ. ಭಾನುವಾರ ಕ್ಲಿನಿಕ್ಕಿಗೆ ಬಾಗಿಲು. ಎರಡು ದಿನದ ಜನ ಸೋಮವಾರ ಒಟ್ಟಿಗೆ ಬಂದು, ಬೆಂಚು ಸಾಲದೆ ಮೆಟ್ಟಿಲ ಮೇಲೆ ಒದ್ದೆ ಕೊಡೆಗಳ ನಡುವೆ ನಿಲ್ಲುತ್ತಾರೆ. ಔಷಧಿ ಕಂಪನಿಯ ರೆಪ್‌ಗಳು ಬ್ಯಾಗು ಹಿಡಿದು ಎಲ್ಲರೂ ಮುಗಿಯುವವರೆಗೆ ಹೊರಗೇ ಕಾಯಬೇಕು. ಬಿ.ಪಿ. ಮಾತ್ರೆಯ ಚೀಟಿ ಹೊಸದು ಬರೆಸಿಕೊಳ್ಳಲಷ್ಟೇ ಹೋಗುವವರು ಸೋಮವಾರ ಬಿಟ್ಟು ಬುಧವಾರದ ಸಂಜೆಗೆ ನಂಬ್ರ ಕೇಳಿ ನೋಡಿ. ಅಕ್ಕ ಬೇಡ ಎನ್ನಲಿಕ್ಕಿಲ್ಲ.