ಎಂ.ಟೆಕ್ ಥೀಸಿಸ್ ಮುಗಿಸೋದು ಹೇಗೆ? ಒಂದು ಥರ್ಮೋಕಪಲ್ ಕಲಿಸಿದ ಪಾಠ

ಮೊನ್ನೆ ಕ್ಯಾಂಟೀನಿನಲ್ಲಿ ಇಬ್ಬರು ಜೂನಿಯರ್‌ಗಳು ಸಿಕ್ಕಿ, "ಅಣ್ಣಾ, ಥೀಸಿಸ್ ಎಷ್ಟು ಪೇಜ್ ಬರೀಬೇಕು?" ಅಂತ ಕೇಳಿದ್ರು. ಎರಡು ವರ್ಷದ ಹಿಂದೆ ನಾನೂ ನನ್ನ ಸೀನಿಯರ್‌ಗೆ ಇದೇ ಪ್ರಶ್ನೆ ಕೇಳಿದ್ದೆ. ಪೇಜ್ ಹೇಗೋ ತುಂಬುತ್ತವೆ. ಆದರೆ ಆ ಪೇಜ್‌ಗಳಲ್ಲಿರುವ ಅಂಕಿಗಳನ್ನು ನಾವೇ ನಂಬಬಹುದಾ ಅನ್ನೋದು ಕಷ್ಟದ ಪ್ರಶ್ನೆ. ಮೆಕ್ಯಾನಿಕಲ್, ಅದರಲ್ಲೂ ಥರ್ಮಲ್ ವಿಭಾಗದಲ್ಲಿ ಪ್ರಾಜೆಕ್ಟ್ ಮಾಡುವವರಿಗೆ ಉಪಯೋಗ ಆಗಲಿ ಅಂತ ನನ್ನ ಅನುಭವ ಬರೀತಾ ಇದ್ದೀನಿ.

ಟಾಪಿಕ್ ಮತ್ತು ಮೊದಲ ಹೆಜ್ಜೆ

ನನ್ನ ವಿಷಯ ಹೊಸದೇನಲ್ಲ. ಡಬಲ್ ಪೈಪ್ ಹೀಟ್ ಎಕ್ಸ್‌ಚೇಂಜರ್, ಅಂದರೆ ಒಂದು ಪೈಪಿನೊಳಗೆ ಇನ್ನೊಂದು ಪೈಪ್. ಒಳಗಿನ ಪೈಪಿನಲ್ಲಿ ಬಿಸಿನೀರು, ಎರಡು ಪೈಪಿನ ನಡುವಿನ ಜಾಗದಲ್ಲಿ ತಣ್ಣೀರು. ಒಳಗಿನ ಪೈಪಿಗೆ ಸುರುಳಿಯಂತೆ ತಿರುಚಿದ ಲೋಹದ ಪಟ್ಟಿ, ಅಂದರೆ ಟ್ವಿಸ್ಟೆಡ್ ಟೇಪ್, ತೂರಿಸಿದರೆ ನೀರು ಸುತ್ತುತ್ತಾ ಹರಿಯುತ್ತೆ. ಶಾಖ ಹೆಚ್ಚು ವರ್ಗಾವಣೆ ಆಗುತ್ತೆ, ಜೊತೆಗೆ ಪ್ರೆಶರ್ ಡ್ರಾಪ್ ಕೂಡ ಹೆಚ್ಚಾಗುತ್ತೆ. ಪಂಪಿಗೆ ಬೀಳುವ ಹೆಚ್ಚುವರಿ ಹೊರೆಯನ್ನು ಲೆಕ್ಕ ಹಾಕಿದ ಮೇಲೂ ಲಾಭ ಉಳಿಯುತ್ತಾ ಅಂತ ನೋಡೋದು ನನ್ನ ಕೆಲಸ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಅಂದ್ರೆ ನೇರವಾಗಿ ಟೇಪ್ ಹಾಕಿ ರೀಡಿಂಗ್ ತಗೊಳ್ಳೋದು. ಮೊದಲು ಟೇಪ್ ಇಲ್ಲದ ಖಾಲಿ ಪೈಪಿನಲ್ಲಿ ಪ್ರಯೋಗ ಮಾಡಬೇಕು. ಖಾಲಿ ಪೈಪಿಗೆ ಉತ್ತರ ಮೊದಲೇ ಗೊತ್ತಿದೆ. 1930ರ ಡಿಟ್ಟಸ್-ಬೋಲ್ಟರ್ ಸೂತ್ರ ಇದೆ, 1976ರ ಗ್ನೀಲಿನ್‌ಸ್ಕಿ ಸೂತ್ರ ಇದೆ. ನನ್ನ ರೆನಾಲ್ಡ್ಸ್ ಸಂಖ್ಯೆ ಸುಮಾರು 21,000. ಡಿಟ್ಟಸ್-ಬೋಲ್ಟರ್ ಬಳಸಲು 10,000ಕ್ಕಿಂತ ಜಾಸ್ತಿ ಇರಬೇಕು, ಹಾಗಾಗಿ ತೊಂದರೆ ಇರಲಿಲ್ಲ. ಗೊತ್ತಿರುವ ಉತ್ತರವೇ ನಿಮ್ಮ ಸೆಟಪ್‌ನಲ್ಲಿ ಬರದಿದ್ದರೆ, ಗೊತ್ತಿಲ್ಲದ ಉತ್ತರವನ್ನು ಅದು ಸರಿಯಾಗಿ ಹೇಳುತ್ತೆ ಅಂತ ಹೇಗೆ ನಂಬೋದು? ಅನ್ಸಿಸ್‌ನಲ್ಲಿ ಸಿಮ್ಯುಲೇಷನ್ ಮಾಡುವವರಿಗೂ ಇದೇ ಮಾತು. ಮೆಶ್ ಸಣ್ಣದು ಮಾಡುತ್ತಾ ಹೋದಾಗ ಉತ್ತರ ಬದಲಾಗುತ್ತಲೇ ಇದ್ದರೆ, ಬಣ್ಣಬಣ್ಣದ ಕಾಂಟೂರ್ ಚಿತ್ರಕ್ಕೆ ಬೆಲೆ ಇಲ್ಲ.

ಕಾಣೆಯಾದ ಕಾಲುಭಾಗ ಶಾಖ

ಖಾಲಿ ಪೈಪಿನಲ್ಲೇ ನನಗೆ ಗ್ರಹಚಾರ ಕಾದಿತ್ತು. ಬಿಸಿನೀರು ಕಳೆದುಕೊಂಡ ಶಾಖ ಮತ್ತು ತಣ್ಣೀರು ಪಡೆದ ಶಾಖ ಹತ್ತಿರ ಹತ್ತಿರ ಸಮ ಇರಬೇಕು. ಇದೇ ಹೀಟ್ ಬ್ಯಾಲೆನ್ಸ್. ನನ್ನ ಲೆಕ್ಕ ಹೀಗಿತ್ತು:

ಬಿಸಿನೀರು ಸೆಕೆಂಡಿಗೆ 0.10 ಕೆ.ಜಿ., 61.9 ಡಿಗ್ರಿಯಿಂದ 54.0 ಡಿಗ್ರಿಗೆ ಇಳಿದಿದೆ. ಕಳೆದುಕೊಂಡ ಶಾಖ ಸುಮಾರು 3,300 ವ್ಯಾಟ್.

ತಣ್ಣೀರು ಸೆಕೆಂಡಿಗೆ 0.12 ಕೆ.ಜಿ., 28.0ರಿಂದ 32.9 ಡಿಗ್ರಿಗೆ ಏರಿದೆ. ಪಡೆದ ಶಾಖ ಸುಮಾರು 2,460 ವ್ಯಾಟ್.

ಕಾಲುಭಾಗ ಶಾಖ ಎಲ್ಲಿ ಹೋಯ್ತು? "ಗಾಳಿಗೆ ಹೋಗಿರುತ್ತೆ ಬಿಡು" ಅಂದುಕೊಂಡೆ. ಗ್ಲಾಸ್ ವುಲ್ ತಂದು ಪೈಪಿಗೆ ಸುತ್ತಿದೆ. ಅಂಕಿ ಬಹುತೇಕ ಅಲ್ಲೇ ನಿಂತಿತ್ತು. ಇನ್ನೊಂದು ಸುತ್ತು ಸುತ್ತಿದೆ. ಮೈಯೆಲ್ಲ ತುರಿಕೆ ಬಂತೇ ಹೊರತು ಬ್ಯಾಲೆನ್ಸ್ ಬರಲಿಲ್ಲ.

ಎರಡು ದಿನಕ್ಕೆ ಪ್ರೋಗ್ರೆಸ್ ರಿವ್ಯೂ ಇತ್ತು. ಜೊತೆಯವರೆಲ್ಲ ರಿಸಲ್ಟ್ಸ್ ಚಾಪ್ಟರ್ ಬರೆಯುತ್ತಿದ್ದರು. ಮನೆಯಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ "ಯಾವಾಗ ಮುಗಿಯುತ್ತೋ?" ಅಂತಿದ್ದರು. ಆ ರಾತ್ರಿ ಹಾಸ್ಟೆಲ್‌ನಲ್ಲಿ ಎಕ್ಸೆಲ್ ತೆಗೆದು 61.9 ಇದ್ದ ಜಾಗದಲ್ಲಿ 60.2 ಅಂತ ಟೈಪ್ ಮಾಡಿದೆ. ಕೆಳಗಿನ ರೀಡಿಂಗ್‌ಗಳನ್ನೂ ಹಾಗೇ ಇಳಿಸಿದೆ. ವ್ಯತ್ಯಾಸ ಐದು ಪರ್ಸೆಂಟಿಗೆ ಬಂತು, ಗ್ರಾಫ್ ಚೆಂದ ಆಯ್ತು. ಫೈಲ್ ಸೇವ್ ಮಾಡಿ ಮಲಗಿದೆ. ನಿದ್ದೆ ಮಾತ್ರ ಬರಲಿಲ್ಲ.

ಬೆಳಿಗ್ಗೆ ಗೈಡ್ ಪ್ರಿಂಟ್ ನೋಡಿ ಒಂದೇ ಮಾತು ಕೇಳಿದರು: "ಹೋದ ವಾರ ಬ್ಯಾಲೆನ್ಸ್ ಬರ್ತಿಲ್ಲ ಅಂತಿದ್ದೆಯಲ್ಲಪ್ಪಾ, ಈಗ ಹೇಗೆ ಬಂತು?"

ಉತ್ತರ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಅವರು ಬೈಯಲಿಲ್ಲ, ಸ್ವಲ್ಪ ಹೊತ್ತು ಮಾತೂ ಆಡಲಿಲ್ಲ. ಆಮೇಲೆ "ಹಾಟ್ ಇನ್‌ಲೆಟ್ ಥರ್ಮೋಕಪಲ್ ಯಾರು ಕ್ಯಾಲಿಬ್ರೇಟ್ ಮಾಡಿದ್ದು?" ಅಂದ್ರು.

"ನಾನೇ ಸರ್. ಹಳೇದು ಹಾಳಾಗಿತ್ತು, ಹೊಸದು ಹಾಕಿದೆ. ಐಸ್ ನೀರಲ್ಲಿ 0 ತೋರಿಸ್ತು, ಕುದಿಯೋ ನೀರಲ್ಲಿ 97 ತೋರಿಸ್ತು. ಅದಕ್ಕೆ 97 ಬಂದ್ರೆ 100 ಆಗೋ ಹಾಗೆ ಕರೆಕ್ಷನ್ ಹಾಕಿದೀನಿ."

"ಬೆಂಗಳೂರಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತೆ?"

ಆಗ ಹೊಳೆಯಿತು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಪ್ರತಿ 300 ಮೀಟರಿಗೆ ಕುದಿಯುವ ಬಿಂದು ಸುಮಾರು 1 ಡಿಗ್ರಿ ಇಳಿಯುತ್ತೆ. ಮಂಗಳೂರಿನಲ್ಲಿ ಹತ್ತಿರ ಹತ್ತಿರ 100ಕ್ಕೆ ಕುದಿಯುವ ನೀರು ಇಲ್ಲಿ 97ಕ್ಕೇ ಕುದಿಯುತ್ತೆ. ಥರ್ಮೋಕಪಲ್ ಸರಿಯಾಗಿಯೇ ಹೇಳಿತ್ತು, ಅದನ್ನು "ತಿದ್ದಿ" ಕೆಡಿಸಿದವನು ನಾನು.

ಸಣ್ಣ ತಪ್ಪು ದೊಡ್ಡದಾಗುವ ಬಗೆ

ನಿಜವಾದ ತಾಪ 60.0 ಇದ್ದದ್ದು ನನ್ನ ಕರೆಕ್ಷನ್‌ನಿಂದ 61.9 ಆಗಿತ್ತು. ಅಂದರೆ ಬರೀ 3 ಪರ್ಸೆಂಟ್ ತಪ್ಪು. ಆದರೆ ಶಾಖದ ಲೆಕ್ಕಕ್ಕೆ ಬೇಕಾದ್ದು ತಾಪ ಅಲ್ಲ, ತಾಪದ ವ್ಯತ್ಯಾಸ. ಅದು 6.0 ಇರಬೇಕಾದ್ದು 7.9 ಆಗಿತ್ತು. 3 ಪರ್ಸೆಂಟ್ ತಪ್ಪು ಸುಮಾರು 32 ಪರ್ಸೆಂಟ್ ಆಗಿ ಬೆಳೆದಿತ್ತು. ಹತ್ತಿರ ಹತ್ತಿರ ಇರುವ ಎರಡು ಅಂಕಿಗಳನ್ನು ಕಳೆಯುವ ಕಡೆಯಲ್ಲೆಲ್ಲ ಈ ಅಪಾಯ ಇದ್ದೇ ಇರುತ್ತೆ.

ಅನ್‌ಸರ್ಟನ್ಟಿ ಲೆಕ್ಕ ಬೇಕಾಗೋದು ಇಲ್ಲೇ. ಕ್ಲೈನ್ ಮತ್ತು ಮೆಕ್‌ಕ್ಲಿಂಟಾಕ್ 1953ರಲ್ಲಿ ಕೊಟ್ಟ ವಿಧಾನವನ್ನೇ ಇವತ್ತಿಗೂ ಬಳಸುತ್ತಾರೆ. ಪ್ರತಿ ಥರ್ಮೋಕಪಲ್‌ನಲ್ಲಿ ಅರ್ಧ ಡಿಗ್ರಿ ಅನುಮಾನ ಇದೆ ಅನ್ನಿ. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ವ್ಯತ್ಯಾಸದಲ್ಲಿ 0.7 ಡಿಗ್ರಿ ಅನುಮಾನ. 6 ಡಿಗ್ರಿ ವ್ಯತ್ಯಾಸಕ್ಕೆ ಅದು ಸುಮಾರು 12 ಪರ್ಸೆಂಟ್. ಆಗ "ಟೇಪ್ ಹಾಕಿದ್ದಕ್ಕೆ 8 ಪರ್ಸೆಂಟ್ ಲಾಭ ಆಯ್ತು" ಅಂತ ಬರೆಯೋ ಹಾಗೇ ಇಲ್ಲ. ಈ ಲೆಕ್ಕವನ್ನು ಕೊನೆಗೆ ಅಪೆಂಡಿಕ್ಸ್ ತುಂಬಿಸೋಕೆ ಅಂತ ಮಾಡಬೇಡಿ, ಪ್ರಯೋಗಕ್ಕೆ ಮುಂಚೆಯೇ ಮಾಡಿ. ಯಾವ ಸೆನ್ಸರ್ ಕೊಳ್ಳಬೇಕು, ಹರಿವು ಎಷ್ಟು ಇಡಬೇಕು ಅಂತ ಅದೇ ಹೇಳುತ್ತೆ.

ನನ್ನ ಅದೃಷ್ಟಕ್ಕೆ ಕರೆಕ್ಷನ್ ಎಕ್ಸೆಲ್‌ನಲ್ಲಿ ಮಾತ್ರ ಇತ್ತು. ಇಂಡಿಕೇಟರ್ ತೋರಿಸಿದ ಕಚ್ಚಾ ರೀಡಿಂಗ್‌ಗಳು ಲ್ಯಾಬ್ ನೋಟ್‌ಬುಕ್ಕಿನಲ್ಲಿ ಪೆನ್ನಿನಲ್ಲಿ ಬರೆದಿದ್ದವು. ಮೊದಲನೇ ದಿನವೇ "ಪೆನ್ಸಿಲ್ ಬೇಡ, ಪೆನ್ನಲ್ಲಿ ಬರಿ" ಅಂತ ಗದರಿದ್ದ ಲ್ಯಾಬ್ ಇನ್‌ಸ್ಟ್ರಕ್ಟರಿಗೆ ಮನಸ್ಸಿನಲ್ಲೇ ಕೈಮುಗಿದೆ. ಎಕ್ಸೆಲ್ ಫೈಲ್ ಅಂತೂ ನಾನೇ ಕೆಡಿಸಿಟ್ಟಿದ್ದೆ. ನೋಟ್‌ಬುಕ್ ಇಲ್ಲದಿದ್ದರೆ ಎಲ್ಲ ರೀಡಿಂಗ್ ಮತ್ತೆ ತೆಗೆಯಬೇಕಿತ್ತು. ಹೊಸದಾಗಿ ಲೆಕ್ಕ ಹಾಕಿದಾಗ ವ್ಯತ್ಯಾಸ 2 ಪರ್ಸೆಂಟಿಗೆ ಇಳಿಯಿತು.

ನಾನು ಕದ್ದು ಟೈಪ್ ಮಾಡಿದ 60.2 ನಿಜಕ್ಕೆ ಬಹಳ ಹತ್ತಿರವೇ ಇತ್ತು, ನೋಡಿ. ಯಾರಿಗೂ ಗೊತ್ತಾಗ್ತಿರಲಿಲ್ಲ. ಆದರೆ ಅದೇ ಥರ್ಮೋಕಪಲ್ ಇಟ್ಟುಕೊಂಡು, ಅದೇ ತಪ್ಪು ಕರೆಕ್ಷನ್‌ನಲ್ಲಿ ಟೇಪಿನ ಪ್ರಯೋಗಗಳನ್ನೂ ಮಾಡಿರುತ್ತಿದ್ದೆ. ಅಲ್ಲಿ ಯಾವ ಅಂಕಿಗೆ ಇಳಿಸಬೇಕು ಅಂತ ಹೇಳೋಕೆ ಯಾವ ಸೂತ್ರವೂ ಇರುತ್ತಿರಲಿಲ್ಲ.

ಬರೆಯುವಾಗ

ಮೊದಲ ಪುಟದಿಂದ ಶುರು ಮಾಡಬೇಡಿ. ಪ್ರಯೋಗದ ಸೆಟಪ್ ವಿವರಿಸುವ ಚಾಪ್ಟರ್ ಮೊದಲು ಬರೆಯಿರಿ, ಅದು ಕಣ್ಣೆದುರಿಗೇ ಇರುತ್ತೆ. ಆಮೇಲೆ ರಿಸಲ್ಟ್ಸ್, ಕನ್‌ಕ್ಲೂಷನ್. ಇಂಟ್ರೊಡಕ್ಷನ್ ಮತ್ತು ಅಬ್‌ಸ್ಟ್ರಾಕ್ಟ್ ಕೊನೆಗೆ. ಲಿಟರೇಚರ್ ರಿವ್ಯೂನಲ್ಲಿ "ಇವರು ಇದನ್ನು ಮಾಡಿದರು, ಅವರು ಅದನ್ನು ಮಾಡಿದರು" ಅಂತ ಪಟ್ಟಿ ಕೊಟ್ಟರೆ ಸಾಲದು. ಯಾರೂ ಮುಟ್ಟದೆ ಬಿಟ್ಟದ್ದು ಯಾವುದು ಅಂತ ಕೊನೆಗೆ ಹೇಳಬೇಕು. ನಿಮ್ಮ ಆಬ್ಜೆಕ್ಟಿವ್ ಅಲ್ಲಿಂದಲೇ ಹುಟ್ಟಬೇಕು.

ಕಾಪಿ ವಿಷಯ. 2018ರ ಯುಜಿಸಿ ನಿಯಮದ ಪ್ರಕಾರ ಹೋಲಿಕೆ 10 ಪರ್ಸೆಂಟ್ ಒಳಗಿದ್ದರೆ ದಂಡ ಇಲ್ಲ. 10ರಿಂದ 40 ಆದರೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಮತ್ತೆ ಸಲ್ಲಿಸುವ ಹಾಗಿಲ್ಲ. 60 ದಾಟಿದರೆ ರಿಜಿಸ್ಟ್ರೇಷನ್ನೇ ರದ್ದು. ಸೀನಿಯರ್ ಥೀಸಿಸ್‌ನಿಂದ ಸೆಟಪ್ ವಿವರಣೆ ಎತ್ತಿದವರು ಸಿಕ್ಕಿಬೀಳೋದು ಇಲ್ಲೇ.

ವೈವಾ ದಿನ

ಹೊರಗಿನಿಂದ ಬಂದ ಎಕ್ಸಾಮಿನರ್ ಮೂವತ್ತು ಸ್ಲೈಡ್ ಸುಮ್ಮನೆ ನೋಡಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ: "ಥರ್ಮೋಕಪಲ್ ಹೇಗೆ ಕ್ಯಾಲಿಬ್ರೇಟ್ ಮಾಡಿದ್ರಿ?"

ನನ್ನ ಗೈಡ್ ಕಿಟಕಿ ಕಡೆ ತಿರುಗಿ ನಗು ತಡೆದುಕೊಂಡರು. ನಾನು ತಪ್ಪು ಮಾಡಿದ್ದು, ಅದು ಸಿಕ್ಕಿದ್ದು, ಸರಿಮಾಡಿದ್ದು ಎಲ್ಲ ಹೇಳಿದೆ. ಥೀಸಿಸ್‌ನಲ್ಲಿ ಅದಕ್ಕೆ ಒಂದು ಪುಟ ಬರೆದಿದ್ದೆ, ಅದನ್ನೂ ತೋರಿಸಿದೆ. ಉಳಿದ ಪ್ರಶ್ನೆಗಳೆಲ್ಲ ಆ ಪುಟದ ಸುತ್ತಲೇ ಬಂದವು. ಇಡೀ ಥೀಸಿಸ್‌ನಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದ ಪುಟವೂ ಅದೇ.

ಹಾಗಾಗಿ ಜೂನಿಯರ್ ಗೆಳೆಯರೇ, ಪೇಜ್ ಲೆಕ್ಕ ಆಮೇಲೆ ನೋಡೋಣ. ಇವತ್ತು ಸಂಜೆ ಲ್ಯಾಬಿಗೆ ಹೋಗಿ, ನಿಮ್ಮ ಊರಿನ ಎತ್ತರ ಎಷ್ಟು ಅಂತ ನೋಡಿಕೊಂಡು, ಒಂದು ಪಾತ್ರೆ ನೀರು ಕುದಿಸಿ. ಬಂದ ಅಂಕಿಯನ್ನು ಪೆನ್ನಿನಲ್ಲಿ ಬರೆದಿಡಿ.