ತೋಟದ ತೇವದ ಅಂಕಿ ಮನೆಗೆ ಸರಿಯಾಗಿ ತಲುಪಲಿ

ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಧಾರಾಳ. ಆದರೆ ಡಿಸೆಂಬರ್ ಕಳೆಯಿತೆಂದರೆ ವಂಡ್ಸೆ ಸುತ್ತಿನ ಅಡಿಕೆ ತೋಟಗಳಿಗೆ ನೀರು ಹಾಯಿಸದೆ ಗತಿಯಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಾವಿ ತಳ ಕಾಣುವಾಗ ಯಾವ ಜಾಗಕ್ಕೆ ಇಂದೇ ನೀರು ಬೇಕು, ಯಾವುದಕ್ಕೆ ನಾಳೆ ಸಾಕು ಎಂದು ತಿಳಿಯುವುದು ಬಹಳ ಅವಶ್ಯ. ಇದಕ್ಕಾಗಿ ಮಣ್ಣಿನ ತೇವ ಅಳೆಯುವ ಸಂವೇದಕವನ್ನು ಆರ್ಡುಯಿನೋ ಯುನೋ ಎಂಬ ಸಣ್ಣ ಬೋರ್ಡಿಗೆ ಜೋಡಿಸಿ, ಅಂಕಿಯನ್ನು ಕಂಪ್ಯೂಟರಿನಲ್ಲಿ ನೋಡಬಹುದು. ಓದುತ್ತಿರುವ ನಿಮ್ಮ ಮಕ್ಕಳೂ ಇದನ್ನು ಮಾಡಬಲ್ಲರು. ಆದರೆ ಅಳೆದ ಅಂಕಿಯನ್ನು ಕಳುಹಿಸುವಾಗ ಎಡವಿದರೆ, ಒಣಗಿದ ತೋಟ ಒದ್ದೆಯಾಗಿದೆಯೆಂದು ಕಂಡೀತು. ಆದ್ದರಿಂದ ಈ ಕೆಳಗಿನ ವಿಷಯಗಳನ್ನು ಗಮನಿಸಿರಿ.

ಅಂಕಿ ಸಾಗುವ ಬಗೆ

ಬೋರ್ಡಿನಿಂದ ಕಂಪ್ಯೂಟರಿಗೆ ಅಂಕಿ ಸಾಗುವುದು ಸೀರಿಯಲ್ ಸಂಪರ್ಕದ ಮೂಲಕ. ಹಳ್ಳದ ಕಾಲುಸಂಕದ ಮೇಲೆ ಜನ ಒಬ್ಬರ ಹಿಂದೊಬ್ಬರು ದಾಟುವಂತೆ, ಇಲ್ಲಿ ಸಂಕೇತಗಳು ಒಂದರ ಹಿಂದೊಂದು ಹೋಗುತ್ತವೆ. ಇಂತಹ 8 ಸಂಕೇತಗಳ ಗುಂಪಿಗೆ ಬೈಟ್ ಎನ್ನುತ್ತಾರೆ. ಒಂದು ಬೈಟಿನಲ್ಲಿ ಹಿಡಿಯುವುದು 0ಯಿಂದ 255ರವರೆಗಿನ ಅಂಕಿ ಮಾತ್ರ. ಆದರೆ ಈ ಬೋರ್ಡು ಸಂವೇದಕವನ್ನು ಓದಿ ಕೊಡುವ ಅಂಕಿ 0ಯಿಂದ 1023ರವರೆಗೆ ಇರುತ್ತದೆ. ತೊಡಕು ಇರುವುದೇ ಇಲ್ಲಿ.

ಒಣ ಮಣ್ಣು ಒದ್ದೆಯಾಗಿ ಕಾಣುವುದೇಕೆ?

ಕೆಪಾಸಿಟಿವ್ ಬಗೆಯ ಸಂವೇದಕದಲ್ಲಿ ಮಣ್ಣು ಒಣಗಿದಂತೆ ಅಂಕಿ ಏರುತ್ತದೆ. ಒದ್ದೆ ಮಣ್ಣಿನಲ್ಲಿ 300, ಒಣ ಮಣ್ಣಿನಲ್ಲಿ 520 ಬಂದಿತೆನ್ನಿ. ಇದನ್ನು ‘ಸೀರಿಯಲ್ ರೈಟ್’ ಎಂಬ ಆಜ್ಞೆಯಿಂದ ಕಳುಹಿಸಿದರೆ ಒಂದೇ ಬೈಟ್ ಹೋಗುತ್ತದೆ. ವಿದ್ಯುತ್ ಮೀಟರಿನ ಅಂಕಿ ಕೊನೆ ಮುಟ್ಟಿ ಮತ್ತೆ ಸೊನ್ನೆಯಿಂದ ತಿರುಗುವಂತೆ, ಇಲ್ಲಿಯೂ 256 ಆದೊಡನೆ ಸೊನ್ನೆಯಾಗುತ್ತದೆ. ಹೀಗಾಗಿ 300 ಹೋಗಿ 44 ಆಗುತ್ತದೆ; 520 ಹೋಗಿ 8 ಆಗುತ್ತದೆ. ಅಂದರೆ ಒಣ ಮಣ್ಣೇ ಹೆಚ್ಚು ಒದ್ದೆಯೆಂದು ಲೆಕ್ಕಕ್ಕೆ ಬರುತ್ತದೆ. ಸಾಲದ್ದಕ್ಕೆ 44 ಎಂಬುದು ಅಲ್ಪವಿರಾಮದ ಸಂಕೇತವಾದ್ದರಿಂದ ಪರದೆಯ ಮೇಲೆ ಅಂಕಿಯ ಬದಲು ಆ ಚಿಹ್ನೆಯೇ ಮೂಡುತ್ತದೆ.

‘ಸೀರಿಯಲ್ ಪ್ರಿಂಟ್’ ಆಜ್ಞೆ ಬಳಸಿದರೆ ಈ ದೋಷವಿಲ್ಲ. ಅದು 5, 2, 0 ಎಂಬ ಮೂರು ಅಕ್ಷರಗಳನ್ನು ಬೇರೆ ಬೇರೆ ಬೈಟುಗಳಾಗಿ ಕಳುಹಿಸುತ್ತದೆ. ಹೊಸಬರು ಇದನ್ನೇ ಅನುಸರಿಸುವುದು ಲೇಸು.

ಅನುಸರಿಸಬೇಕಾದ ಕ್ರಮಗಳು

1. ಬೆಟ್ಟು, ಮಜಲು, ಬೈಲು ಎಂದು ಮೂರು ಕಡೆ ಸಂವೇದಕ ಇಟ್ಟಿದ್ದರೆ ಅಂಕಿಗಳ ನಡುವೆ ಅಲ್ಪವಿರಾಮ ಹಾಕಿರಿ. ಇಲ್ಲವಾದರೆ 520, 410, 300 ಸೇರಿ 520410300 ಎಂದಾಗುತ್ತದೆ.

2. ಪ್ರತಿ ಸಲದ ಅಳತೆಯ ಕೊನೆಗೆ ಹೊಸ ಸಾಲು ಆರಂಭವಾಗುವಂತೆ ಮಾಡಿರಿ. ಸಾಲು ಪೂರ್ತಿ ಬರುವವರೆಗೆ ಕಂಪ್ಯೂಟರು ಕಾಯಬೇಕು.

3. ಕಂಪ್ಯೂಟರು ನಡುವೆ ಕೇಳತೊಡಗಿದರೆ ಮೊದಲ ಸಾಲು ಅರ್ಧವೇ ಬಂದು 520ರ ಬದಲು 20 ಕಂಡೀತು. ಆದ್ದರಿಂದ ಮೊದಲ ಸಾಲನ್ನು ಬಿಟ್ಟುಬಿಡಿ. ಮೂರು ಅಂಕಿಗಳಿಲ್ಲದ ಅಥವಾ 1023 ಮೀರಿದ ಸಾಲನ್ನೂ ನಂಬಬೇಡಿ.

4. ಎರಡೂ ಕಡೆ ವೇಗ ಒಂದೇ ಇರಲಿ. ಸೆಕೆಂಡಿಗೆ 9600 ಸಂಕೇತಗಳ ವೇಗ ಸಾಕು. ಮೊದಲು ಮತ್ತು ಕೊನೆಯ ಗುರುತು ಸೇರಿ ಒಂದು ಅಕ್ಷರಕ್ಕೆ 10 ಸಂಕೇತ ಬೇಕಾಗುವುದರಿಂದ, ಇದರಲ್ಲಿ ಸೆಕೆಂಡಿಗೆ 960 ಅಕ್ಷರ ಸಾಗುತ್ತವೆ. ವೇಗ ಬೇರೆಯಾದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ.

5. ಯುಎಸ್‌ಬಿ ತಂತಿ 5 ಮೀಟರಿಗಿಂತ ಉದ್ದ ಬೇಡ. ತೋಟ ದೂರವಿದ್ದರೆ ಆರ್‌ಎಸ್-485 ಎಂಬ ಪದ್ಧತಿಯ ಬೋರ್ಡುಗಳನ್ನು ಎರಡೂ ತುದಿಗೆ ಜೋಡಿಸಬೇಕು. ಕಡಿಮೆ ವೇಗದಲ್ಲಿ ಇದು ಸುಮಾರು 1200 ಮೀಟರ್‌ವರೆಗೆ ನಡೆಯುತ್ತದೆ. ಗುಡುಗು ಸಿಡಿಲಿನ ಸೂಚನೆ ಕಂಡರೆ ಮೊದಲೇ ತಂತಿಯನ್ನು ಕಳಚಿಡಿ.

ಪರೀಕ್ಷಿಸಿಯೇ ನಂಬಿರಿ

ಸಂವೇದಕವನ್ನು ಹೂಳುವ ಮೊದಲು ಗಾಳಿಯಲ್ಲಿ ಹಿಡಿದು ಬಂದ ಅಂಕಿ ಬರೆದುಕೊಳ್ಳಿ. ನಂತರ ಅದರ ಮೇಲಿನ ಗೆರೆಯವರೆಗೆ ಮಾತ್ರ ನೀರಿನಲ್ಲಿ ಅದ್ದಿ ಇನ್ನೊಂದು ಅಂಕಿ ಬರೆದುಕೊಳ್ಳಿ. ನೀರಿನಲ್ಲಿ ಅಂಕಿ ಇಳಿಯಬೇಕು. ಇಳಿಯದಿದ್ದರೆ ಕಳುಹಿಸುವ ಕ್ರಮವನ್ನು ಮತ್ತೆ ನೋಡಿರಿ. ಮೊದಲ ಕೆಲವು ವಾರ ಬುಡದ ಮಣ್ಣನ್ನು ಅಗೆದು, ಮುಷ್ಟಿಯಲ್ಲಿ ಹಿಸುಕಿ, ಪರದೆಯ ಅಂಕಿಯೊಡನೆ ಹೋಲಿಸುತ್ತಿರಿ. ಕೈಗೆ ತಿಳಿದದ್ದೂ ಪರದೆಯ ಅಂಕಿಯೂ ಹೊಂದಿದ ಮೇಲೆಯೇ ಆ ಅಂಕಿಯನ್ನು ನಂಬಿ ಪಂಪು ನಡೆಸಿರಿ. ಬೆಳೆಗೆ ಬೇಕಾದ ನೀರಿನ ಪ್ರಮಾಣದ ಬಗ್ಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.