ಕಾರ್ಖಾನೆಯ ನಕ್ಷೆಗೆ ಶಾಶ್ವತ ವಿಳಾಸ: ಕ್ಯಾಡ್ ತಂತ್ರಾಂಶದಲ್ಲಿ ಗ್ರಿಡ್ ನಿರ್ದೇಶಾಂಕಗಳು

ಸಣ್ಣ ಉದ್ದಿಮೆಯೊಂದರ ಆಸ್ತಿ-ಹೊಣೆ ಪಟ್ಟಿಯಲ್ಲಿ ಜಮೀನು ಮತ್ತು ಕಟ್ಟಡಗಳದ್ದೇ ಸಾಮಾನ್ಯವಾಗಿ ದೊಡ್ಡ ಬಾಬ್ತು. ಕ್ರಯಪತ್ರವನ್ನು ನಾವು ಬ್ಯಾಂಕಿನ ಲಾಕರಿನಲ್ಲಿ ಭದ್ರವಾಗಿಡುತ್ತೇವೆ. ಅದೇ ಜಮೀನಿನ ನಕ್ಷೆ ಮಾತ್ರ ನಕ್ಷೆಗಾರರ ಗಣಕಯಂತ್ರದಲ್ಲೇ ಉಳಿದುಬಿಡುತ್ತದೆ. ಷೆಡ್ ವಿಸ್ತರಿಸುವಾಗಲೋ, ಪಕ್ಕದ ನಿವೇಶನ ಕೊಳ್ಳುವಾಗಲೋ, ಬ್ಯಾಂಕಿಗೆ ಅಡಮಾನ ಮಾಡುವಾಗಲೋ ಆ ನಕ್ಷೆಯ ನಿಜವಾದ ಬೆಲೆ ತಿಳಿಯುತ್ತದೆ. ನಕ್ಷೆಯನ್ನು ಮಾಡಿಸುವಾಗಲೇ ವಹಿಸಬೇಕಾದ ಒಂದು ಎಚ್ಚರಿಕೆಯನ್ನು ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಸಮಸ್ಯೆ ಏನು?

ಆಟೋಕ್ಯಾಡ್‌ನಂತಹ ತಂತ್ರಾಂಶದಲ್ಲಿ ಪ್ರತಿಯೊಂದು ಬಿಂದುವಿಗೂ ಎಕ್ಸ್ ಮತ್ತು ವೈ ಎಂಬ ಎರಡು ಸಂಖ್ಯೆಗಳಿರುತ್ತವೆ. ಬಹುಪಾಲು ನಕ್ಷೆಗಾರರು ನಿವೇಶನದ ಒಂದು ಮೂಲೆಯನ್ನು ಸೊನ್ನೆ, ಸೊನ್ನೆ ಎಂದು ಹಿಡಿದು ಚಿತ್ರಿಸತೊಡಗುತ್ತಾರೆ. ಒಂದೇ ಕಟ್ಟಡಕ್ಕಾದರೆ ಇದರಿಂದ ತೊಂದರೆಯಿಲ್ಲ. ಆದರೆ ಭೂಮಾಪಕರು, ವಾಸ್ತುಶಿಲ್ಪಿ, ಒಳಚರಂಡಿ ಗುತ್ತಿಗೆದಾರ ಹೀಗೆ ಮೂವರು ಮೂರು ಮೂಲೆಗಳಿಂದ ಆರಂಭಿಸಿದರೆ, ಮೂರು ನಕ್ಷೆಗಳನ್ನು ಒಂದರ ಮೇಲೊಂದು ಕೂರಿಸುವಾಗ ಕಣ್ಣಂದಾಜಿನ ಹೊರತು ಬೇರೆ ಆಧಾರವಿರುವುದಿಲ್ಲ. ಬಿಡಬೇಕಾದ ಸೆಟ್‌ಬ್ಯಾಕ್ ಕಡಿಮೆಯಾಗುವುದು, ಹೊಸ ಕಂಬದ ಬುನಾದಿ ಹಳೆಯ ಪೈಪಿನ ಮೇಲೆ ಬರುವುದು ಇಂತಹ ಅಂದಾಜಿನಿಂದಲೇ.

ಪರಿಹಾರ: ಗ್ರಿಡ್

ಭೂಮಿಯನ್ನು ತಲಾ 6 ಡಿಗ್ರಿ ರೇಖಾಂಶದ 60 ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯಕ್ಕೂ ಮೀಟರ್ ಲೆಕ್ಕದ ಚೌಕುಳಿಯನ್ನು ಹೊದಿಸುವ ಪದ್ಧತಿಗೆ ಯುಟಿಎಂ ಎಂದು ಹೆಸರು. ಮೈಸೂರು 43ನೆಯ ಉತ್ತರ ವಲಯದಲ್ಲಿದೆ. ನಮ್ಮ ನಗರದ ಮಧ್ಯಭಾಗದ ಪೂರ್ವಾಂಕ ಸುಮಾರು 6,79,000 ಮೀಟರ್, ಉತ್ತರಾಂಕ ಸುಮಾರು 13,60,000 ಮೀಟರ್. ಕ್ಯಾಡ್‌ನಲ್ಲಿ ಪೂರ್ವಾಂಕವೇ ಎಕ್ಸ್, ಉತ್ತರಾಂಕವೇ ವೈ. ನಕ್ಷೆಯ ಯಾವುದೇ ಮೂಲೆಯನ್ನು ಒತ್ತಿದಾಗ ಮೊದಲ ಸಂಖ್ಯೆ ಆರು ಲಕ್ಷದ ಮೇಲೆ, ಎರಡನೆಯದು ಹದಿಮೂರು ಲಕ್ಷದ ಮೇಲೆ ಬಂದರೆ ನಕ್ಷೆ ಗ್ರಿಡ್ಡಿನಲ್ಲಿ ಕುಳಿತಿದೆಯೆಂದು ಮೇಲ್ನೋಟಕ್ಕೆ ತಿಳಿಯಬಹುದು. ಅವು ಅದಲುಬದಲಾಗಿದ್ದರೆ ಎಕ್ಸ್ ಮತ್ತು ವೈ ತಿರುವುಮುರುವಾಗಿವೆ ಎಂದರ್ಥ. 78 ಡಿಗ್ರಿ ರೇಖಾಂಶದಾಚೆಗಿರುವ ಕೋಲಾರದಲ್ಲಿ ಶಾಖೆಯುಳ್ಳವರು ಗಮನಿಸಬೇಕು. ಅಲ್ಲಿನ ವಲಯ 44.

ಗ್ರಿಡ್ಡಿನ ಉದ್ದಕ್ಕೂ ನೆಲದ ಮೇಲಿನ ಉದ್ದಕ್ಕೂ ಅಲ್ಪ ವ್ಯತ್ಯಾಸವಿರುವುದುಂಟು. ವಲಯದ ಮಧ್ಯರೇಖೆಯ ಸಮೀಪವಿರುವ ಮಂಗಳೂರಿನಲ್ಲಿ ಅದು ಕಿಲೋಮೀಟರಿಗೆ ಸುಮಾರು 40 ಸೆಂಟಿಮೀಟರ್. ಮೈಸೂರು ಮಧ್ಯರೇಖೆಯಿಂದ ಸುಮಾರು 180 ಕಿಲೋಮೀಟರ್ ದೂರದಲ್ಲಿರುವುದರಿಂದ ಈ ದೋಷ ಇಲ್ಲಿ ಬಹುತೇಕ ಶೂನ್ಯ. ಸಮುದ್ರಮಟ್ಟದಿಂದ ನಮಗಿರುವ ಎತ್ತರದ ಕಾರಣ ಕಿಲೋಮೀಟರಿಗೆ ಸುಮಾರು 10 ಸೆಂಟಿಮೀಟರ್ ಉಳಿಯುತ್ತದೆ. ನೂರು ಮೀಟರಿನ ನಿವೇಶನಕ್ಕೆ ಅದು ಒಂದು ಸೆಂಟಿಮೀಟರ್ ಮಾತ್ರ.

ಎಚ್ಚರ ವಹಿಸಬೇಕಾದ ಮೂರು ಅಂಶಗಳು

ಮೊದಲನೆಯದು, ಆಧಾರಮಾನ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಮೋಜಣಿ ಕೈಗೊಂಡರು. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನಿಂದ ಮಹಾ ತ್ರಿಕೋನಮಿತೀಯ ಮೋಜಣಿ ಆರಂಭಿಸಿದರು. ಆ ಪರಂಪರೆಯ ಹಳೆಯ ನಕ್ಷೆಗಳು ಎವರೆಸ್ಟ್ ಆಧಾರಮಾನದವು. 2005ರ ರಾಷ್ಟ್ರೀಯ ನಕ್ಷಾ ನೀತಿಯು ಸಾರ್ವಜನಿಕ ಬಳಕೆಯ ನಕ್ಷೆಗಳಿಗೆ ಡಬ್ಲ್ಯುಜಿಎಸ್ 84 ಆಧಾರಮಾನವನ್ನೂ ಯುಟಿಎಂ ಪದ್ಧತಿಯನ್ನೂ ನಿಗದಿಪಡಿಸಿತು. ಇವೆರಡರ ನಡುವಣ ಅಂತರ ನಮ್ಮ ಭಾಗದಲ್ಲಿ ನೂರು ಮೀಟರಿಗೂ ಅಧಿಕ. ಪರಿವರ್ತಿಸದೆ ಬೆರೆಸುವುದೆಂದರೆ ಡಾಲರ್ ಖಾತೆಯ ಶಿಲ್ಕನ್ನು ರೂಪಾಯಿ ಖಾತೆಗೆ ಹಾಗೆಯೇ ಕೂಡಿಸಿದಂತೆ.

ಎರಡನೆಯದು, ಉತ್ತರ ದಿಕ್ಕು. ಮೈಸೂರಿನಲ್ಲಿ ಗ್ರಿಡ್ ಉತ್ತರಕ್ಕೂ ನಿಜ ಉತ್ತರಕ್ಕೂ ಡಿಗ್ರಿಯ ಮೂರನೆಯ ಒಂದು ಭಾಗದಷ್ಟು ವ್ಯತ್ಯಾಸವಿದೆ. ಇದನ್ನು ಲೆಕ್ಕಿಸದಿದ್ದರೆ ನೂರು ಮೀಟರ್ ಉದ್ದದ ಗಡಿಗೋಡೆಯ ತುದಿ ಸುಮಾರು ಎರಡು ಅಡಿ ಸರಿಯುತ್ತದೆ. ಕಟ್ಟಡವನ್ನು ನೇರವಾಗಿಟ್ಟು ಚಿತ್ರಿಸಲು ಇಡೀ ನಕ್ಷೆಯನ್ನೇ ತಿರುಗಿಸಬಾರದು. ಯುಸಿಎಸ್ ಸೌಲಭ್ಯದಿಂದ ನೋಟವನ್ನಷ್ಟೇ ತಿರುಗಿಸಿಕೊಳ್ಳಬೇಕು.

ಮೂರನೆಯದು, ಅಳತೆಯ ಮಾನ. ಭೂಮಾಪಕರು ಮೀಟರಿನಲ್ಲಿ, ವಾಸ್ತುಶಿಲ್ಪಿಗಳು ಮಿಲಿಮೀಟರಿನಲ್ಲಿ ಚಿತ್ರಿಸುವುದು ವಾಡಿಕೆ. ಗ್ರಿಡ್ ಸಂಖ್ಯೆಗಳು ಮಿಲಿಮೀಟರಿಗೆ ತಿರುಗಿದರೆ ಕೋಟಿಗಳಲ್ಲಿ ಬೆಳೆಯುತ್ತವೆ; ಕೆಲವು ಮೂರು ಆಯಾಮದ ತಂತ್ರಾಂಶಗಳಲ್ಲಿ ಅಷ್ಟು ದೊಡ್ಡ ಸಂಖ್ಯೆಗಳಿಂದ ಗೆರೆಗಳು ಅದುರುತ್ತವೆ. ಆದುದರಿಂದ ನಿವೇಶನದ ಮೂಲ ನಕ್ಷೆ ಮೀಟರಿನಲ್ಲಿ ಗ್ರಿಡ್ಡಿನಲ್ಲಿಯೇ ಇರಲಿ. ಕಟ್ಟಡದ ನಕ್ಷೆ ಪ್ರತ್ಯೇಕ ಕಡತದಲ್ಲಿರಲಿ. ಅದರ ಒಂದು ಮೂಲೆಯ ಗ್ರಿಡ್ ಸಂಖ್ಯೆಗಳನ್ನೂ ತಿರುಗುಕೋನವನ್ನೂ ಅದರಲ್ಲೇ ಬರೆದಿಡಲಿ.

ಮಿತಿಗಳು

ಮೊಬೈಲ್ ಫೋನ್ ತೋರಿಸುವ ಸ್ಥಾನ ಕೆಲವು ಮೀಟರುಗಳಷ್ಟು ಆಚೀಚೆ ಇರುತ್ತದೆ. ಭೂಮಾಪನ ಇಲಾಖೆಯ ದಿಶಾಂಕ್ ಆಪ್ ಸರ್ವೆ ನಂಬರ್ ಗುರುತಿಸಲು ಉಪಯುಕ್ತ. ಆದರೆ ಗಡಿ ನಿರ್ಣಯಕ್ಕೆ ಸಾಲದು. ಗಡಿಯ ಅಳತೆಗೆ ಸೆಂಟಿಮೀಟರ್ ನಿಖರತೆಯ ಡಿಜಿಪಿಎಸ್ ಅಥವಾ ಆರ್‌ಟಿಕೆ ಉಪಕರಣವೇ ಬೇಕು. ಖಾಸಗಿ ನಕ್ಷೆ ಎಷ್ಟೇ ನಿಖರವಾಗಿದ್ದರೂ ಹಕ್ಕುಪತ್ರಕ್ಕಾಗಲಿ ಇಲಾಖೆಯ ಹದ್ದುಬಸ್ತಿಗಾಗಲಿ ಅದು ಬದಲಿಯಲ್ಲ. ಆದರೆ ಸ್ವತ್ತನ್ನು ಗುರುತಿಸಲು ಸಾಕಾಗುವಷ್ಟು ವಿವರ ದಸ್ತಾವೇಜಿನಲ್ಲಿ ಇರಲೇಬೇಕೆಂದು 1908ರ ನೋಂದಣಿ ಕಾಯ್ದೆಯ 21ನೆಯ ಕಲಂ ಹೇಳುತ್ತದೆ. ಚಕ್ಕುಬಂದಿಯಲ್ಲಿ ನಮೂದಾದ ನೆರೆಯವರ ಹೆಸರು ಕಾಲಕ್ರಮದಲ್ಲಿ ಬದಲಾದೀತು, ಮೂಲೆಕಲ್ಲು ಕಿತ್ತುಹೋದೀತು. ದಾಖಲಾದ ನಿರ್ದೇಶಾಂಕದಿಂದ ಆ ಬಿಂದುವನ್ನು ಮತ್ತೆ ಹುಡುಕಬಹುದು. ಜಿಎಸ್‌ಟಿ ನೋಂದಣಿ ಅರ್ಜಿಯಲ್ಲಿಯೂ ವ್ಯವಹಾರ ಸ್ಥಳದ ಅಕ್ಷಾಂಶ, ರೇಖಾಂಶಗಳಿಗೆ ಅಂಕಣಗಳಿವೆ ಎಂಬುದನ್ನು ನೆನೆಯಬಹುದು.

ಕಾರ್ಯಾದೇಶದಲ್ಲಿ ಏನಿರಬೇಕು?

ನಕ್ಷೆಯ ಕೆಲಸ ವಹಿಸುವಾಗ ಕಾರ್ಯಾದೇಶದಲ್ಲಿ ಈ ನಾಲ್ಕು ಷರತ್ತುಗಳನ್ನು ಸೇರಿಸಿರಿ:

1. ನಕ್ಷೆಯು ಡಬ್ಲ್ಯುಜಿಎಸ್ 84, ಯುಟಿಎಂ ವಲಯ 43 ಉತ್ತರ, ಮೀಟರ್ ಮಾನದಲ್ಲಿದ್ದು, ಈ ವಿವರ ನಕ್ಷೆಯ ಮೇಲೆಯೇ ನಮೂದಾಗಿರಬೇಕು.

2. ಪ್ರತಿ ಮೂಲೆಯ ಪೂರ್ವಾಂಕ, ಉತ್ತರಾಂಕಗಳ ಪಟ್ಟಿಯನ್ನು ಕಾಗದದ ಮೇಲೆ ಸಹಿಯೊಂದಿಗೆ ಒದಗಿಸಬೇಕು.

3. ಆವರಣದೊಳಗೆ ಕನಿಷ್ಠ ಎರಡು ಕಾಂಕ್ರೀಟ್ ಗುರುತುಗಲ್ಲುಗಳನ್ನು ನೆಟ್ಟು, ಅವುಗಳ ನಿರ್ದೇಶಾಂಕಗಳನ್ನು ನೀಡಬೇಕು.

4. ಮುದ್ರಿತ ಪ್ರತಿಯೊಂದಿಗೆ ಮೂಲ ಡಿಡಬ್ಲ್ಯುಜಿ ಕಡತವನ್ನೂ ಹಸ್ತಾಂತರಿಸಬೇಕು.

ನಾಲ್ಕನೆಯ ಷರತ್ತು ಪೂರೈಸುವವರೆಗೆ ಅಂತಿಮ ಬಿಲ್ಲಿನ ಒಂದು ಭಾಗವನ್ನು ತಡೆಹಿಡಿಯುವುದು ಲೇಸು. ಮೊದಲೇ ತಿಳಿಸಿದ್ದರೆ ಈ ವಿವರಗಳನ್ನು ಒದಗಿಸುವುದು ಭೂಮಾಪಕರಿಗೆ ಕಷ್ಟವಲ್ಲ. ವರ್ಷಗಳ ನಂತರ ಕೇಳಿದರೆ ಮೋಜಣಿಯನ್ನೇ ಹೊಸದಾಗಿ ಮಾಡಿಸಬೇಕಾದೀತು. ಕೈಗೆ ಬಂದ ಕಡತದ ಒಂದು ಪ್ರತಿಯನ್ನು ಕ್ರಯಪತ್ರದ ಜೊತೆಯಲ್ಲಿ, ಇನ್ನೊಂದನ್ನು ಲೆಕ್ಕಪತ್ರಗಳ ಬ್ಯಾಕಪ್‌ನಲ್ಲಿ ಇಟ್ಟುಕೊಳ್ಳುವುದು ಸೂಕ್ತ.